ಸಕ್ಕರೆಗೆ ಕುಳಿತವರು

ಖಾನಾವಳಿಯ ಒಳಗೋಡೆಗೆ ತಾಗಿಸಿದ ಉದ್ದನೆಯ ಬೆಂಚು. ಅದರ ಕೊನೆಯಲ್ಲಿ, ಕಿಟಕಿಯ ಬಿಸಿಲು ಮೊಣಕೈವರೆಗೆ ಮಾತ್ರ ಬಂದು ನಿಲ್ಲುವ ಜಾಗದಲ್ಲಿ, ಒಬ್ಬ ಹುಡುಗಿ ಕುಳಿತಿದ್ದಾಳೆ. ಎದುರಿಗೆ ಉಂಡು ಮುಗಿಸಿದ ತಾಟು. ತಾಟಿನ ಅಂಚಿನಲ್ಲಿ ಶೇಂಗಾ ಹಿಂಡಿಯ ಕೆಂಪು ಗೆರೆ, ನಡುವೆ ಮೊಸರು ಒಣಗಿ ಉಳಿದ ಬಿಳಿಯ ನಕಾಶೆ. ಹುಡುಗಿ ಎರಡೂ ಅಂಗೈಗಳನ್ನು ಮೊಣಕಾಲುಗಳ ಮೇಲೆ ಮಲಗಿಸಿದ್ದಾಳೆ. ಕಣ್ಣು ಮುಚ್ಚಿಲ್ಲ, ಆದರೆ ಹೊರಗಿನ ಯಾವುದನ್ನೂ ನೋಡುತ್ತಿಲ್ಲ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಇಳಿಬಿಟ್ಟು ತಡಕುವವರ ಮುಖ ಹೀಗಿರುತ್ತದೆ. ಒಂದು ನೊಣ ತಾಟಿನ ಅಂಚಿನಲ್ಲಿ ಅರ್ಧ ಸುತ್ತು ನಡೆದು ನಿಂತಿದೆ. ಉಳಿದ ಮೇಜುಗಳಲ್ಲಿ ಜನ ಉಣ್ಣುತ್ತಿದ್ದಾರೆ. ಕೇಳಿಸುವುದು ಮಾತ್ರ ಖಡಕ್ ರೊಟ್ಟಿ ಮುರಿಯುವ ಸದ್ದು. ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡ ಹೆಂಗಸೊಬ್ಬಳು ಹುಡುಗಿಯ ಹಿಂದೆ ನಿಂತು ಯಾರ ಬೆರಳು ಮೇಲೇಳುತ್ತದೆಂದು ನೋಡುತ್ತಿದ್ದಾಳೆ. ಈ ಹೊತ್ತಿನಲ್ಲಿ ರೊಟ್ಟಿ ಬೇಕಾದವರು ಕೂಗುವುದಿಲ್ಲ, ಬೆರಳೆತ್ತುತ್ತಾರೆ.

ಆ ಹುಡುಗಿ ದಾಕ್ಷಾಯಿಣಿ, ಜೀವರಸಾಯನಶಾಸ್ತ್ರದ ಬಿ.ಎಸ್ಸಿ. ಕೊನೆಯ ವರ್ಷದವಳು. ಬುಟ್ಟಿ ಹಿಡಿದು ನಿಂತವಳು ಅವಳ ತಾಯಿ ಶಿವಗಂಗವ್ವ. ಖಾನಾವಳಿ ತಂದೆ ಬಸಲಿಂಗಪ್ಪನದು. ನಾನು ಅಲ್ಲಿ ಎರಡು ಹೊತ್ತೂ ಉಣ್ಣುವ, ಒಂಟಿಯಾಗಿ ಬದುಕುವ ಮುದುಕ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನಾನು ಹೇಳುತ್ತಿರುವ ಆ ಮಧ್ಯಾಹ್ನ ಪರವೂರಿನ ವ್ಯಾಪಾರಿಯೊಬ್ಬ ಒಳಗೆ ಬಂದವನೇ, "ಎರಡು ರೊಟ್ಟಿ ಬರ್ಲಿ!" ಎಂದು ಕೂಗಿದ. ನನ್ನ ಎದುರಿಗೆ ಉಣ್ಣುತ್ತಿದ್ದ ಗಾಣದ ಮಲ್ಲೇಶಪ್ಪ ತುಟಿಗೆ ಬೆರಳಿಟ್ಟು, "ಮೆಲ್ಲಕ ಯಜಮಾನ್ರ. ಹುಡುಗಿ ಸಕ್ಕರಿಗೆ ಕುಂತಾಳ" ಎಂದ.

"ಯಾವ ಸಕ್ಕರಿಗ್ರೀ?"

"ಈಗ ಉಂಡಾಳಲ್ರಿ, ಅದರಾಗಿನ ಸಕ್ಕರಿಗೆ."

ವ್ಯಾಪಾರಿ ಇನ್ನೇನೋ ಕೇಳಲು ಬಾಯಿ ತೆರೆದ. ಇಡೀ ಖಾನಾವಳಿ ತನ್ನ ಕಡೆ ತಿರುಗಿದ್ದನ್ನು ಕಂಡು, ಬಾಯಿ ಮುಚ್ಚಿ, ಬೆರಳೆತ್ತಿದ.

ನಮ್ಮ ಊರಿನಲ್ಲಿ, ದೇಹದ ಯಾವ ಕೆಲಸವನ್ನು ಮನುಷ್ಯ ಪೂರ್ತಿ ಅರ್ಥ ಮಾಡಿಕೊಳ್ಳುತ್ತಾನೋ ಆ ಕೆಲಸವನ್ನು ದೇಹ ಅವನಿಗೇ ಒಪ್ಪಿಸಿ ಕೈ ತೊಳೆದುಕೊಳ್ಳುತ್ತದೆ. ಏಕೆ ಎಂದು ಕೇಳುವವರು ಪರವೂರಿನವರು. ನಮಗೆ ಹೇಗೆ ನಿಭಾಯಿಸಬೇಕು ಎಂಬುದಷ್ಟೇ ಗೊತ್ತು. ಹಾಲು ಅರಗುವ ಬಗೆಯನ್ನು ತಿಳಿದವನು ಹಾಲು ಕುಡಿದ ಮೇಲೆ ಹಾಲಿಗೆ ಕೂರಬೇಕು, ಅಂದರೆ ಕುಳಿತು ಮನಸ್ಸಿಟ್ಟು ತಾನೇ ಅದನ್ನು ಅರಗಿಸಬೇಕು, ಇಲ್ಲವೇ ಕಪ್ಪು ಚಹಕ್ಕೆ ಒಗ್ಗಿಕೊಳ್ಳಬೇಕು. ಗಾಯದಲ್ಲಿ ರಕ್ತ ಹೆಪ್ಪುಗಟ್ಟುವ ಬಗೆ ತಿಳಿದ ಒಬ್ಬ ವಿದ್ಯಾರ್ಥಿ ಗಡ್ಡ ಬೆಳೆಸಿದ. ಕ್ಷೌರದ ಅಂಗಡಿಯಲ್ಲಿ ಕುಳಿತು ಗಾಯಕ್ಕೂ ಕೂರುವುದು ಅವನಿಗೆ ಆಗಲಿಲ್ಲ. ಕೂದಲಿನ ಬಣ್ಣವನ್ನು ಅರ್ಥ ಮಾಡಿಕೊಂಡ ಇನ್ನೊಬ್ಬ, ಪರೀಕ್ಷೆಯ ಗಡಿಬಿಡಿಯಲ್ಲಿ ಆ ಕಡೆ ಲಕ್ಷ್ಯ ಕೊಡದೆ, ಮೀಸೆ ಮೂಡುವ ವಯಸ್ಸಿಗೇ ತಲೆ ನೆರೆತು, ಬಸ್ಸಿನಲ್ಲಿ ಹಿರಿಯ ನಾಗರಿಕರ ಸೀಟಿನಲ್ಲಿ ಕೂರತೊಡಗಿದ. ಉಸಿರಾಟದ ಪಾಠದ ಹಾಳೆಗಳನ್ನು ನಮ್ಮ ಗ್ರಂಥಪಾಲಕರು ಗೋಂದು ಹಚ್ಚಿ ಒಂದಕ್ಕೊಂದು ಅಂಟಿಸಿದ್ದಾರೆ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬರುವುದಿಲ್ಲ.

ಬಾಯಿಪಾಠ ಮಾಡಿದವರಿಗೆ ಮಾತ್ರ ಯಾವ ಅಪಾಯವೂ ಇಲ್ಲ. ಆದ್ದರಿಂದ ಊರಿನ ತಾಯಿತಂದೆಯರು ಬಾಯಿಪಾಠವನ್ನು ಶೀಲದಂತೆ ಕಾಪಾಡುತ್ತಾರೆ. ಜೀವರಸಾಯನ ವಿಭಾಗದ ಮುಖ್ಯಸ್ಥ ಸಾಲಿಮಠರು ಮೂವತ್ತು ವರ್ಷ ಪಾಠ ಮಾಡಿ ಒಬ್ಬರಿಗೂ ಒಂದಕ್ಷರವೂ ತಿಳಿಯದಂತೆ ನೋಡಿಕೊಂಡವರೆಂದು ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದಾರೆ. ಕಾಲೇಜಿನಲ್ಲಿ ಇನ್ನೊಂದು ಕಟ್ಟುನಿಟ್ಟಿದೆ: ಪಾಠ ಇಂಗ್ಲಿಷಿನಲ್ಲೇ ನಡೆಯಬೇಕು, ಇಂಗ್ಲಿಷಿನಲ್ಲೇ ಉಳಿಯಬೇಕು, ಅದನ್ನು ಮನೆಯ ಮಾತಿಗೆ ತರಕೂಡದು. ಇಂಗ್ಲಿಷಿನಲ್ಲಿ ಓದಿದ್ದು ತಲೆಯಲ್ಲೇ ಇದ್ದು ತಲೆಯಲ್ಲೇ ಹೋಗುತ್ತದೆ ಎಂಬುದು ಊರಿನ ಅನುಭವ.

ದಾಕ್ಷಾಯಿಣಿ ಆ ಕಟ್ಟನ್ನು ಮುರಿದಳು. ಮುರಿಯಬೇಕೆಂದಲ್ಲ, ಅವಳಿಗೆ ಓದಲು ಬೇರೆ ಜಾಗವಿರಲಿಲ್ಲ. ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಅವಳು ಒಲೆಯ ಪಕ್ಕದಲ್ಲಿ ಹಿಟ್ಟು ನಾದುತ್ತ, ಹಂಚಿನ ಮುಂದೆ ಕುಕ್ಕರಗಾಲಲ್ಲಿದ್ದ ತಾಯಿಗೆ ಪಾಠ ಒಪ್ಪಿಸುತ್ತಿದ್ದಳು. ಬಡಿಸುವ ಕಿಂಡಿಯ ಈಚೆ ಕುಳಿತ ನನಗೆ ಎಲ್ಲವೂ ಕೇಳಿಸುತ್ತಿತ್ತು.

"ಯವ್ವಾ, ಸಕ್ಕರಿ ಒಳಗ ಬಂದಕೂಡ್ಲೆ ಅದಕ್ಕ ಒಂದು ಚೂರು ರಂಜಕ ಅಂಟಸ್ತಾರ. ಯಾಕ ಹೇಳು?"

"ಯಾಕವಾ?"

"ನಾವು ಗಿರಾಕಿ ಒಳಗ ಕಾಲಿಟ್ಟಕೂಡ್ಲೆ ಕೈಯಾಗ ತಾಟು ಕೊಡ್ತೀವಿ ನೋಡು, ಹಂಗ. ತಾಟು ಹಿಡದಾಂವ ಹೊಳ್ಳಿ ಹೊರಗ ಹೋಗಂಗಿಲ್ಲ. ಆಮ್ಯಾಲೆ ಅದನ್ನ ನಡುವ ಮುರೀತಾರ, ರೊಟ್ಟಿ ಮುರದಂಗ. ಎರಡು ತುಣುಕು ಆಗ್ತಾವ. ಒಂದು ತುಣುಕು ಹಂಗ ಉಪಯೋಗಕ್ಕ ಬರ್ತೈತಿ. ಇನ್ನೊಂದು ಬರಂಗಿಲ್ಲ."

"ಬರ್ಲಿಲ್ಲಂದ್ರ ಬಿಸಾಕ್ತಾರೇನ?"

"ಬಿಸಾಕೂದಿಲ್ಲಬೇ. ತಿರುವಿ ಹಾಕ್ತಾರ, ಹಂಚಿನ ಮ್ಯಾಲೆ ನೀ ತಿರುವಿ ಹಾಕ್ತಿಯಲ್ಲ, ಹಂಗ. ತಿರುವಿದ್ರ ಅದೂ ಮೊದಲಿನ ತುಣುಕಿನಂಗ ಆಗ್ತೈತಿ. ಕಡೀಕ ಗಾಳಿ ಸಾಕಷ್ಟು ಸಿಗಲಿಲ್ಲಂದ್ರ ಹುಳಿ ಬಡೀತೈತಿ."

"ಮುಚ್ಚಿಟ್ಟ ಹಿಟ್ಟು ಹುಳಿ ಬಡದಂಗ" ಎಂದಳು ಶಿವಗಂಗವ್ವ, ರೊಟ್ಟಿಯ ಮೇಲೆ ನೀರು ಸವರುತ್ತ.

ನನಗೆ ಅದರ ಲಯ ಬಹಳ ಹಿಡಿಸಿತು. ಅರ್ಥದ ಕಡೆ ನನ್ನ ಲಕ್ಷ್ಯ ಹೋಗಲಿಲ್ಲ. ನವ್ಯಕಾವ್ಯದ ಸಹವಾಸದಲ್ಲಿ ಬೆಳೆದವನಿಗೆ ಅದು ಅಭ್ಯಾಸವಲ್ಲ. ಹಾಗಾಗಿ ನಾನು ಉಳಿದುಕೊಂಡೆ. ದಾಕ್ಷಾಯಿಣಿ ಮಾತ್ರ ಮರುದಿನ ಉಂಡು ಏಳುವಾಗ ಕಣ್ಣು ಕತ್ತಲಿಟ್ಟು, ಮತ್ತೆ ಬೆಂಚಿನ ಮೇಲೆ ಕುಸಿದಳು. ಅವಳ ಬೆರಳ ತುದಿಗಳಿಗೆ ಇರುವೆ ಬಂದವು. ಮಲ್ಲೇಶಪ್ಪ ಅದನ್ನು ನೋಡಿ, ಹಿರಿಯನಾಗಿ, "ಬಸಲಿಂಗಪ್ಪಾ, ನಿನ್ನ ಮಗಳಿಗೆ ತಿಳದೈತಿ" ಎಂದ. ಆ ಧ್ವನಿಯಲ್ಲಿ ಸಂತಾಪವೂ ಇತ್ತು, ಅಭಿನಂದನೆಯೂ ಇತ್ತು.

ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಬೇಕು. ತಿಳಿದವರನ್ನು ತಿಳಿದಂತೆಯೇ ಊರಿಗೆ ಬಿಡುವುದು ಹೊಣೆಗೇಡಿತನ ಎಂಬುದು ಕಾಲೇಜಿನ ಸ್ಥಾಪಕರ ಅಭಿಪ್ರಾಯವಾಗಿತ್ತು. ಆದ್ದರಿಂದ ಪರೀಕ್ಷೆ ಮುಗಿದ ಮೇಲೆ, ತಿಳಿದದ್ದನ್ನು ಮರೆತವರಿಗೆ ಮಾತ್ರ ಪದವಿ. ಮರೆಸುವ ಹೊಣೆ ಕನ್ನಡ ವಿಭಾಗದ್ದು. ವಿಧಾನ ಸರಳ: ಎದುರಿಗೆ ಕೂರಿಸಿಕೊಂಡು, ಅರ್ಥವಾಗದ ಕವಿತೆಯನ್ನು ಓದುವುದು. ತಿಳಿಯದ ಸಾಲಿನ ಬೆನ್ನು ಹತ್ತಿ ಮನಸ್ಸು ಮನೆ ಬಿಟ್ಟು ಹೊರಟಾಗ, ಹಿಂದೆ ಯಾರೂ ಇಲ್ಲದ್ದನ್ನು ನೋಡಿ ದೇಹ ಸದ್ದಿಲ್ಲದೆ ಬಂದು ತನ್ನ ಸಾಮಾನುಗಳನ್ನು ತೆಗೆದುಕೊಂಡು ಹೋಗುತ್ತದೆ. ಬೇರೆ ಊರುಗಳಲ್ಲಿ ನನ್ನ ಕಾಲದ ಕವಿಗಳು ಓದುಗರಿಲ್ಲವೆಂದು ಕೊರಗಿದರು. ನನಗೆ ಆ ಕೊರಗಿರಲಿಲ್ಲ. ನನ್ನ ಎರಡು ಸಂಕಲನಗಳನ್ನು ಪ್ರತಿ ಬೇಸಗೆಯಲ್ಲೂ ಗಂಭೀರವಾಗಿ ಕೇಳಿಸಿಕೊಳ್ಳುವವರಿದ್ದರು. ಅವರಿಗೆ ಏನೂ ತಿಳಿಯದಿದ್ದಷ್ಟೂ ನನಗೆ ಗೌರವ ಹೆಚ್ಚುತ್ತಿತ್ತು. ನನ್ನ ಜಾಗಕ್ಕೆ ಬಂದ ತರುಣ ಒಳ್ಳೆಯ ಅಧ್ಯಾಪಕ. ಅವನು ಕವಿತೆ ಓದಿದರೆ ಕಿಟಕಿಯಾಚೆ ನಿಂತ ಜವಾನನಿಗೂ ತಿಳಿಯುತ್ತದೆ. ಅವನ ಮೊದಲ ಬೇಸಗೆಯಲ್ಲಿ ಒಬ್ಬರೂ ಮರೆಯಲಿಲ್ಲ. ಅಂದಿನಿಂದ ಆ ಕೆಲಸಕ್ಕೆ ನನ್ನನ್ನೇ ಕರೆಸುತ್ತಾರೆ.

ವಿಭಾಗದ ಹಿಂಬದಿಯ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಒಂದು ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ ಯಾವಾಗಲೂ ಕೆಂಪಿರುವೆಯ ಸಾಲು. ಅದನ್ನು ಓಡಿಸದಂತೆ ಜವಾನನಿಗೆ ಹೇಳಿದೆ. ಸಕ್ಕರೆಯವರಿಗೆ ಒಂದು ಬೆಲ್ಲದ ತುಂಡು ತಿನ್ನಿಸಿ, ಕೈಯನ್ನು ಕಟ್ಟೆಯ ಮೇಲೆ ಇಡಿಸಿ, ಕವಿತೆ ಓದುತ್ತೇವೆ. ಮನಸ್ಸು ಕವಿತೆಯಲ್ಲಿದ್ದಾಗ ಸಕ್ಕರೆಯನ್ನು ನೋಡಿಕೊಳ್ಳುವವರಿಲ್ಲದೆ ಇರುವೆ ಬೆರಳಿಗೆ ಬಂದರೆ ಮರೆತಿಲ್ಲವೆಂದು ಅರ್ಥ. ಇರುವೆ ತನ್ನ ಪಾಡಿಗೆ ತಾನು ಹೋದರೆ ದೇಹ ಕೆಲಸವನ್ನು ವಾಪಸು ವಹಿಸಿಕೊಂಡಿದೆ. ಆ ವಿದ್ಯಾರ್ಥಿ ಪದವೀಧರ. ಬೆಲ್ಲವನ್ನು ಒಬ್ಬರೇ ತಿನ್ನುವುದು ನಮ್ಮಲ್ಲಿ ಸಭ್ಯತೆಯಲ್ಲವಾದ್ದರಿಂದ ಕೋಣೆಯಲ್ಲಿದ್ದವರಿಗೆಲ್ಲ ಒಂದೊಂದು ತುಂಡು ಕೊಡುತ್ತೇವೆ.

ದಾಕ್ಷಾಯಿಣಿ ಮೊದಲ ಸಲ ಬಂದದ್ದು ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ, ತಾಯಿಯ ಜೊತೆ. ಶಿವಗಂಗವ್ವನಿಗೆ ನಾನು ಇನ್ನೊಂದು ಕುರ್ಚಿ ತೋರಿಸಿದೆ.

"ಬ್ಯಾಡ್ರಿ ಸರ, ನಿಂತ ರೂಢಿ ಐತಿ. ಕುಂತ್ರ ಕಾಲಿಗೆ ಎಲ್ಲಾ ನೆನಪಾಕ್ಕೈತಿ" ಎಂದು ಅವಳು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು.

ನಾನು ಪರೀಕ್ಷಿತವಾದ ಒಂದು ಕವಿತೆಯನ್ನು ತೆಗೆದೆ. 'ಗಡಿಯಾರ ತೆಗೆದ ಗೋಡೆಯಲ್ಲಿ ಉಳಿದ ಮೊಳೆ ತನ್ನ ನೆರಳಿನಿಂದಲೇ ಹೊತ್ತು ಹೇಳುತ್ತದೆ. ಕೇಳುವವರಿಲ್ಲ, ಆದರೂ ತಪ್ಪು ಹೇಳುವುದಿಲ್ಲ' ಎಂದು ಅದರ ಆರಂಭ. ಈ ಕವಿತೆಯಿಂದ ಎಷ್ಟೋ ಮಂದಿ ಹಾಲನ್ನೂ ಕೊಬ್ಬನ್ನೂ ಮರೆತು ಸುಖವಾಗಿದ್ದಾರೆ. ಓದಿ ಮುಗಿಸಿ ತಲೆಯೆತ್ತಿದಾಗ ದಾಕ್ಷಾಯಿಣಿ ನನ್ನನ್ನು ಬೇರೆ ಥರ ನೋಡುತ್ತಿದ್ದಳು. ಇರುವೆಗಳು ಅವಳ ಉಗುರಿನವರೆಗೆ ಬಂದಿದ್ದವು.

"ಸರ, ಇದು ಗಡಿಯಾರದ ಪದ್ಯ ಅಲ್ಲ, ಹೌದಲ್ರಿ?" ಎಂದಳು. "ಯಾರೋ ಹೋಗ್ಯಾರ. ಆದ್ರೂ ಅವರು ಬರೂ ಹೊತ್ತಿಗೆ ಸರಿಯಾಗಿ ಒಬ್ರು ಎದ್ದು ಬಾಗಿಲ ಕಡೆ ನೋಡ್ತಾರ. ದಿನಾ. ಅವರಿಗೂ ಗೊತ್ತಿಲ್ದ ನೋಡ್ತಾರ."

ನಾನು ಪುಸ್ತಕ ಮುಚ್ಚಿ, ಇವತ್ತಿಗೆ ಇಷ್ಟು ಸಾಕು ಎಂದೆ. ಆ ಕವಿತೆ ಬರೆದ ಮೇಲೆ ಅದರ ಅರ್ಥವನ್ನು ನನ್ನ ಎದುರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿಕೊಂಡಿರಲಿಲ್ಲ. ಊರಿನ ಕಟ್ಟಳೆ ಕವಿಗಳಿಗೆ ಬೇರೆಯಾಗಿಲ್ಲ. ಅಲ್ಲಿಯವರೆಗೆ ಇಳಿಹೊತ್ತಿಗೆ ಬಾಗಿಲ ಕಡೆ ನೋಡುವುದು ನನ್ನಲ್ಲಿ ತಾನಾಗಿಯೇ ಆಗುತ್ತಿದ್ದಿರಬೇಕು. ಮರುದಿನದಿಂದ ಆ ಕೆಲಸವನ್ನು ದೇಹ ನನಗೆ ಒಪ್ಪಿಸಿತು. ಈಗ ನಾನು ಹೊತ್ತಿಗೆ ಸರಿಯಾಗಿ ಕುರ್ಚಿಯನ್ನು ತಿರುಗಿಸಿಕೊಂಡು, ಕುಳಿತು, ಕಾಯಬೇಕು. ಕಾದು ಮುಗಿಸಿ ಚಹ ಮಾಡಿಕೊಳ್ಳುತ್ತೇನೆ.

ಆಮೇಲೆ ಅವಳು ಬಂದಾಗಲೆಲ್ಲ ಹೀಗೇ ಆಯಿತು. ನನ್ನ ಕಠಿಣ ಕವಿತೆಗಳನ್ನು ಅವಳು ಒಂದೊಂದಾಗಿ ಬಿಡಿಸಿಟ್ಟಳು. ಕೆಲವು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿದ್ದವು. ಒಂದೆರಡು ಬಿಡಿಸಿದ ಮೇಲೆ ಒಳಗೆ ಏನೂ ಇರಲಿಲ್ಲ, ನನ್ನ ಮರ್ಯಾದೆ ಕಾಯಲೆಂದು ಅವಳು ಅದನ್ನು ಹೇಳಲಿಲ್ಲ. ಸುದ್ದಿ ಹಬ್ಬಿತು. ಸಾಲಿಮಠರು ಬೆವರು ಒರೆಸಿಕೊಳ್ಳುತ್ತ ನನ್ನ ಮನೆಗೆ ಬಂದರು.

"ನನ್ನ ಪಾಠದಿಂದ ಒಬ್ಬಾಕಿಗೆ ತಿಳೀತು ಅಂದ್ರ ಏನ್ರೀ ಇದು? ರಿಟೈರ್ ಆಗೂ ಹೊತ್ತಿನ್ಯಾಗ ಕಳಂಕ! ಆಕಿಗೆ ಪ್ರಯೋಗಾಲಯದಾಗ ಒಂದು ನೌಕರಿ ಇಟ್ಟೀನಿ. ಕಾಲೇಜ್ ತೆರೆಯೂದರೊಳಗ ಪದವಿ ಕೈಯಾಗ ಇರಬೇಕು. ಇಲ್ಲಂದ್ರ ಬ್ಯಾರೆಯವರಿಗೆ ಹೋಗ್ತೈತಿ. ಮರಸ್ರಿ, ಹೆಂಗಾರ ಮಾಡಿ ಮರಸ್ರಿ."

ಬಸಲಿಂಗಪ್ಪನೂ ನನ್ನ ತಾಟಿಗೆ ತಾನೇ ಮೊಸರು ಹಾಕುವ ನೆಪದಲ್ಲಿ ಬಗ್ಗಿ, "ಮಾಸ್ತರ, ಇದ್ದದ್ದರಾಗ ಭಾಳ ತಿಳೀಲಾರ್ದ ಪದ್ಯ ತಗೀರಿ. ಸೋವಿ ಮಾಲು ತಗೀಬ್ಯಾಡ್ರಿ" ಎಂದ. "ಹುಡುಗಿ ಉಂಡು ಕುಂತಳಂದ್ರ ಯಾರೂ ಕರಿಯಂಗಿಲ್ಲ, ಯಾರೂ ಎಬ್ಬಸಂಗಿಲ್ಲ. ತಾಟು ಎತ್ತವರು ಯಾರು? ಈಕಿ ಅವ್ವ ಒಬ್ಬಾಕಿ ಎಷ್ಟಂತ ಓಡ್ತಾಳ?"

"ನೀವೂ ಒಂದೆರಡು ತಾಟು ಎತ್ತಬಹುದಲ್ರಿ, ಬಸಲಿಂಗಪ್ಪ."

ಅವನು ಬಹಳ ಹೊತ್ತು ನಕ್ಕ. ನಾನು ಹಾಸ್ಯ ಮಾಡಿದೆನೆಂದೇ ಅವನು ತಿಳಿದ. ಮರುದಿನ ಎಲ್ಲ ಗಿರಾಕಿಗಳಿಗೂ ಅದನ್ನು ಹೇಳಿದ.

ದಾಕ್ಷಾಯಿಣಿಗೆ ಮರೆಯಲು ಮನಸ್ಸಿಲ್ಲ ಎಂಬುದು ನನಗೆ ಗೊತ್ತಾದದ್ದು ಶಿವಗಂಗವ್ವ ಕರಿಬೇವು ತರಲೆಂದು ಸಂತೆಯ ಕಡೆ ಹೋದ ಒಂದು ಸಂಜೆ. ಹುಡುಗಿ ಕಿಟಕಿಯ ಕಟ್ಟೆಯ ಇರುವೆಗಳಿಗೆ ಬೆರಳು ಕೊಡುತ್ತ, ಹಿಂದಕ್ಕೆ ಎಳೆದುಕೊಳ್ಳುತ್ತ ಆಡುತ್ತಿದ್ದಳು.

"ಸರ, ನಿಮ್ಮ ಕೈಯಾಗ ಐತಿ ಅಂತ ಕೇಳ್ತೀನಿ. ಇನ್ನೂ ಸರಳ ಇದ್ದದ್ದು ಓದ್ರಿ."

"ಮರೀಲಿಲ್ಲಂದ್ರ ಪದವಿ ಇಲ್ಲ. ನೌಕರಿ ಹೋಗ್ತೈತಿ."

"ಗೊತ್ತೈತ್ರಿ. ಮರತ್ರ ಕುಂದ್ರೂದು ಹೋಗ್ತೈತಿ." ಅವಳು ಬೆರಳನ್ನು ಮತ್ತೆ ಇರುವೆಗಳ ಕಡೆ ಚಾಚಿದಳು. "ನಮ್ಮ ಮನ್ಯಾಗ ಉಂಡ ಮ್ಯಾಲೆ ಹೆಣ್ಮಕ್ಕಳು ಕುಂತದ್ದನ್ನ ನಾ ನೋಡೇ ಇಲ್ರಿ ಸರ. ಅವ್ವ ಉಣ್ಣೂದ ನಿಂತು. ನಮ್ಮ ಆಯಿ, ಅಪ್ಪನ ಅವ್ವ, ಸಾಯೂ ದಿವಸನೂ ತನ್ನ ತಾಟು ತಾನ ತೊಳದಿಟ್ಟು ಅಡ್ಡಾದ್ಳು. ನಾ ಬಿ.ಎಸ್ಸಿ. ಸೇರಿದ್ದು ಏನೋ ಆಗಬೇಕಂತ. ಆದದ್ದು ಇದು. ದಿನಾ ಎರಡು ಸಲ ಯಾರೂ ನನ್ನ ಕರಿಯಂಗಿಲ್ಲ. ಅಪ್ಪ ಸೈತ ಬೆರಳು ಎತ್ತತಾನ್ರಿ!"

ಅವಳು ನಕ್ಕಳು. ನನಗೂ ನಗು ಬಂತು. ಆದರೆ ಲೆಕ್ಕ ಅಷ್ಟೇ ಸ್ಪಷ್ಟವಾಗಿತ್ತು. ಮರೆತಳೆಂದು ನಾನು ಸುಳ್ಳು ಹೇಳಿದರೆ ಪದವಿ ಬರುತ್ತದೆ. ಆದರೆ ಮರೆತವಳು ಎಂದು ಊರು ನಂಬಿದ ಮೇಲೆ ಅವಳ ಕೂರುವಿಕೆಯನ್ನು ಯಾರೂ ಮನ್ನಿಸುವುದಿಲ್ಲ, ಅರ್ಧದಲ್ಲೇ ಎಬ್ಬಿಸುತ್ತಾರೆ, ಅವಳು ತಾಟುಗಳ ನಡುವೆ ಕುಸಿದು ಬೀಳುತ್ತಾಳೆ. ಮರೆತಿಲ್ಲವೆಂದರೆ ಕೂರುವ ಹಕ್ಕು ಉಳಿಯುತ್ತದೆ. ಆದರೆ ಖಾನಾವಳಿಯ ಬೆಂಚಿನ ಮೇಲೆ ಮಾತ್ರ. ಎರಡನ್ನೂ ಕೊಡುವ ಕವಿತೆ ನನ್ನಲ್ಲಿರಲಿಲ್ಲ. ನಾನು ಅವಳಿಗೆ ಏನೂ ಹೇಳಲಿಲ್ಲ. ಹೇಳಬೇಕಾದಲ್ಲಿ ಹೇಳದಿರುವುದನ್ನು ನಮ್ಮ ಪೀಳಿಗೆಯ ಕಾವ್ಯದಲ್ಲಿ ಗುಣವೆಂದು ಎಣಿಸುತ್ತಿದ್ದರು.

ಕಾಲೇಜು ತೆರೆಯುವ ಮುಂಚಿನ ಕೊನೆಯ ಮಧ್ಯಾಹ್ನ ಬಸಲಿಂಗಪ್ಪ ಹೆಂಡತಿ ಮಗಳನ್ನು ತಾನೇ ಕರೆದುಕೊಂಡು ಬಂದ. ಎಲ್ಲರೂ ಖಾನಾವಳಿಯಲ್ಲಿ ಉಂಡೇ ಬಂದಿದ್ದರು. ಖಾಲಿ ಕುರ್ಚಿಯ ಮೇಲೆ ಬಸಲಿಂಗಪ್ಪ ಕುಳಿತ. ಶಿವಗಂಗವ್ವ ಎಂದಿನಂತೆ ಚೌಕಟ್ಟು ಹಿಡಿದು ನಿಂತಳು. ನಾನು ಬೆಲ್ಲ ಹಂಚಿದೆ. ದಾಕ್ಷಾಯಿಣಿ ತನ್ನ ತುಂಡನ್ನು ಬಾಯಿಗೆ ಹಾಕಿಕೊಂಡು, ಕೈಯನ್ನು ತಾನೇ ಕಟ್ಟೆಯ ಮೇಲೆ ಇಟ್ಟಳು.

"ಇವತ್ತು ತಿಳೀಲಾರ್ದದ್ದು ಓದ್ರಿ ಸರ" ಎಂದಳು. "ನಾ ಪ್ರಯೋಗಾಲಯ ನೋಡಿ ಬಂದೆ. ಕಿಟಕಿ ಹತ್ರ ನನ್ನ ಹೆಸರಿಗೆ ಒಂದು ಸ್ಟೂಲ್ ಇಟ್ಟಾರ."

"ಸ್ಟೂಲ್ ನಮ್ಮನ್ಯಾಗ ಇಲ್ಲೇನ?" ಎಂದ ಬಸಲಿಂಗಪ್ಪ.

"ಐತಿ, ಅಪ್ಪಾ. ಅದರ ಮ್ಯಾಲೆ ಹಿಟ್ಟಿನ ಡಬ್ಬಿ ಕುಂತೈತಿ."

ನಾನು ಮೊದಲ ಸಂಕಲನದ ಕೊನೆಯ ಕವಿತೆಯನ್ನು ತೆಗೆದೆ. ತರುಣನಾಗಿದ್ದಾಗ ಜ್ವರದಲ್ಲಿ ಬರೆದದ್ದು. ಅದು ಏನೆಂದು ನನಗೆ ಅಂದೂ ಗೊತ್ತಿರಲಿಲ್ಲ, ಇಂದಿಗೂ ಗೊತ್ತಿಲ್ಲ. 'ಏಳು ಬಾಗಿಲ ನೀರೇ, ನಿನ್ನ ಬಾಯಿಗೆ ನನ್ನ ಹಲ್ಲಿನ ಹೆಸರು. ಸುಣ್ಣದೊಳಗೆ ಮಲಗಿದ್ದ ಮಂಗಳವಾರ ಎದ್ದು ತನಗೆ ತಾನೇ ಕೊಡೆ ಹಿಡಿಯಿತು.' ದಾಕ್ಷಾಯಿಣಿಯ ಹುಬ್ಬು ಗಂಟಿಕ್ಕಿತು. ಅವಳು ನೀರಿನಿಂದ ಹಲ್ಲಿಗೆ, ಹಲ್ಲಿನಿಂದ ಮಂಗಳವಾರಕ್ಕೆ ದಾರಿ ಹುಡುಕುತ್ತಿದ್ದುದು ನನಗೆ ಮುಖದಲ್ಲೇ ಕಾಣುತ್ತಿತ್ತು. ನಾನು ಎರಡನೆಯ ಸಲ ಓದಿದೆ. ಮೂರನೆಯ ಸಲ ಓದುವಾಗ ಅವಳ ಕಣ್ಣು ಕಿಟಕಿಯಾಚೆ ಎಲ್ಲೋ ಹೋಗಿಬಿಟ್ಟಿತು. ಕೊಡ ಕಳಚಿದ ಹಗ್ಗದಂತೆ ಮುಖ ಹಗುರಾಯಿತು. ಇರುವೆಯ ಸಾಲು ಅವಳ ಕಿರುಬೆರಳಿನವರೆಗೆ ಬಂತು, ಮೀಸೆ ಆಡಿಸಿತು, ಬಳಸಿಕೊಂಡು ಮುಂದೆ ಹೋಯಿತು.

"ಹೋದ್ವು!" ಎಂದು ಬಸಲಿಂಗಪ್ಪ ತೊಡೆ ತಟ್ಟಿದ. "ಹೋದ್ವು ನೋಡ್ರಿ, ಮಾಸ್ತರ!"

ಹೋದದ್ದು ನಿಜ. ಕಟ್ಟೆಯಿಂದ ಗೋಡೆಗಿಳಿದು, ಗೋಡೆಗುಂಟ ಬಾಗಿಲವರೆಗೆ ಹೋಗಿ, ಚೌಕಟ್ಟನ್ನು ಹತ್ತಿ, ಅಲ್ಲಿ ಹಿಡಿದಿದ್ದ ಶಿವಗಂಗವ್ವನ ಬೆರಳುಗಳ ಮೇಲೆ ಒಂದೊಂದಾಗಿ ಏರತೊಡಗಿದವು. ಅವಳು ಕವಿತೆಗೆ ಕಿವಿ ಕೊಡದೆ ಮಗಳ ಮುಖವನ್ನೇ ನೋಡುತ್ತ ಮೈಮರೆತಿದ್ದಳು. ಎಲ್ಲರೂ ತನ್ನ ಕೈಯನ್ನು ನೋಡುತ್ತಿದ್ದಾರೆಂದು ಗೊತ್ತಾದಾಗ, ತಪ್ಪು ಮಾಡಿದವಳಂತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಯವ್ವಾ, ಯಾವಾಗಿಂದ?" ಎಂದಳು ದಾಕ್ಷಾಯಿಣಿ.

"ಸಂಕ್ರಾಂತಿಯಿಂದ ಬರಾಕತ್ತಾವ. ಎಳ್ಳು ಬೆಲ್ಲದ ಕೈ ಅಂತ ತೊಳಕೊಂಡೆ."

"ಈಗ ಸಂಕ್ರಾಂತಿ ಮುಗದು ಎಷ್ಟ ದಿನಾ ಆತು?"

"ದಿನಾ ತೊಳಕೊಂತೀನಲ್ಲ." ಶಿವಗಂಗವ್ವ ನೆಲ ನೋಡಿದಳು. "ಉಂಡ ಮ್ಯಾಲೆ ಕಣ್ಣಿಗೆ ಕತ್ತಲಿ ಬರ್ತೈತಿ. ಗ್ವಾಡಿ ಹಿಡಕೊಂಡು ನಿಂತ್ರ ಹೋಗ್ತೈತಿ. ಹೆಂಗಸ್ರಿಗೆ ಬರೂದ ಅದು ಅಂತ ಸುಮ್ನಾದೆ."

ದಾಕ್ಷಾಯಿಣಿ ಎರಡೂ ಕೈಗಳಿಂದ ತಲೆ ಹಿಡಿದುಕೊಂಡಳು. "ನಾನ ಹೇಳಿದ್ದು. ಹಂಚಿನ ಮುಂದ ಕುಂತು ನಾನ ಹೇಳಿದೆ. ಏನ ಹೇಳಿದ್ನಬೇ ನಿನಗ? ಈಗ ನನಗ ನೆನಪಿಲ್ಲ."

"ಗಿರಾಕಿಗೆ ತಾಟು ಕೊಟ್ಟಂಗ ಅಂದಿ. ಆಮ್ಯಾಲೆ ನಡುವ ಮುರದು, ಒಂದು ತುಣುಕು..."

ನಾನು ಜೋರಾಗಿ ಕೆಮ್ಮಿದೆ. ಇನ್ನೊಂದು ವಾಕ್ಯ ಆಗಿದ್ದರೆ ಹುಡುಗಿಯ ಪದವಿ ಮತ್ತೆ ಹೋಗುತ್ತಿತ್ತು. ಶಿವಗಂಗವ್ವ ಅರ್ಥಮಾಡಿಕೊಂಡು ಬಾಯಿ ಮುಚ್ಚಿದಳು.

ಬಸಲಿಂಗಪ್ಪ ಮೊದಲು ಚೇತರಿಸಿಕೊಂಡ. ಅವನು ವ್ಯವಹಾರಸ್ಥ. "ಆತು ಬಿಡ್ರಿ, ಹ್ಯಾಂಗೂ ಬಂದೀವಿ. ಈಕಿಗೂ ಒಂದು ಓದಿಬಿಡ್ರಿ ಮಾಸ್ತರ. ಸಂಜೀ ಗಿರಾಕಿ ಬರೂದರೊಳಗ ಹೊಂಟಬಿಡ್ತೀವಿ. ಅಂಥಾದ್ದು ಇನ್ನೊಂದು ಐತಿಲ್ರೀ?"

ಇತ್ತು. ಆ ಜ್ವರ ಬಹಳ ದಿನ ಇತ್ತು. ನಾನು ಪುಟ ತಿರುವತೊಡಗಿದೆ. ಅದು ನನ್ನ ಉದ್ಯೋಗ. ಆಗ ಶಿವಗಂಗವ್ವ ಕೇಳಿದಳು: "ಸರ, ಮರೀಲಿಲ್ಲಂದ್ರ ಏನಾಕ್ಕೈತ್ರಿ?"

"ಉಂಡ ಮ್ಯಾಲೆ ಕುಂದ್ರಬೇಕಾಕ್ಕೈತಿ."

"ದಿನಾ?"

"ದಿನಾ. ಎರಡೂ ಹೊತ್ತು."

"ನಿಂತು ನಡಿಯಂಗಿಲ್ಲೇನ್ರಿ?"

"ಇಷ್ಟು ದಿನಾ ನಿಂತೀರಿ. ಕಣ್ಣಿಗೆ ಕತ್ತಲಿ ಬಂತಲ್ಲ. ನಿಂತ್ರ ಇವತ್ತಿಲ್ಲ ನಾಳಿ ಬೀಳ್ತೀರಿ."

ಅವಳು ಇದನ್ನು ತೂಗಿ ನೋಡಿದಳು. "ಕುಂತಾಗ ಯಾರೂ ಕರಿಯಂಗಿಲ್ಲಲ್ರೀ?"

"ಕರಿಯಂಗಿಲ್ಲ. ಊರ ಪದ್ಧತಿ."

"ಇವರೂ?" ಎಂದಳು. ಗಂಡನ ಕಡೆ ನೋಡಲಿಲ್ಲ.

"ಅವರೂ ಕರಿಯಂಗಿಲ್ಲ."

"ಏ, ಅದು ಕಾಲೇಜು ಕಲ್ತವರಿಗೆ!" ಎಂದು ಬಸಲಿಂಗಪ್ಪ ಎದ್ದು ನಿಂತ. "ನೀ ಯಾವ ಪರೀಕ್ಷೆ ಬರದೀ? ಸಾಲಿಮಠ ಸಾಹೇಬ್ರು ನಿನಗ ಪಾಠ ಹೇಳ್ಯಾರೇನು?"

"ಅಪ್ಪಾ, ಇರುವಿ ಸರ್ಟಿಫಿಕೇಟ್ ಕೇಳಂಗಿಲ್ಲ" ಎಂದಳು ದಾಕ್ಷಾಯಿಣಿ.

"ನೀ ಸುಮ್ಕಿರು! ರೊಟ್ಟಿ ಬಡಿಯವರು ಯಾರು? ಬಡಸವರು ಯಾರು? ತಾಟು ಎತ್ತವರು ಯಾರು? ಮಾಸ್ತರ, ನೀವು ಓದ್ರಿ. ಈಕಿ ಮಾತು ಏನ ಕೇಳ್ತೀರಿ, ಓದ್ರಿ ನೀವು."

ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ದಾಕ್ಷಾಯಿಣಿ ಏಳಲಿಲ್ಲ. ಬೆಲ್ಲದ ಪುಡಿ ಅಂಟಿದ ಇನ್ನೊಂದು ಕೈಯ ಬೆರಳನ್ನು ನೆಕ್ಕುತ್ತ, ತಂದೆಯನ್ನು ಕುತೂಹಲದಿಂದ ನೋಡುತ್ತ ಕುಳಿತಿದ್ದಳು. ನನ್ನ ಕೈಯಲ್ಲಿ ಪುಟ ತೆರೆದಿತ್ತು. ಓದಿದ್ದರೆ ಕೆಲಸ ಮುಗಿಯುತ್ತಿತ್ತು. ಆ ಕವಿತೆಗೆ ತಾಳಿಕೊಂಡವರು ಯಾರೂ ಇಲ್ಲ. ನಾನು ಕನ್ನಡಕ ತೆಗೆದು, ಗಾಜನ್ನು ಪಂಚೆಯ ಅಂಚಿನಿಂದ ಒರೆಸಿದೆ. ಒರೆಸುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಶಿವಗಂಗವ್ವ ಸೆರಗಿನಿಂದ ಕೈಯನ್ನು ಹೊರಗೆ ತೆಗೆದಳು. ಒಂದೂ ಸಾಯದ ಹಾಗೆ, ಇರುವೆಗಳನ್ನು ಬೆರಳಿನಿಂದ ಚೌಕಟ್ಟಿಗೆ ಮೆಲ್ಲಗೆ ಇಳಿಸಿದಳು. ಆಮೇಲೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

"ನೀವು ಓದ್ರಿ ಸರ. ಇವರು ಕೇಳ್ಲಿ" ಎಂದಳು. "ನಾ ಉಂಡು ಬಂದೀನಿ, ಮ್ಯಾಲೆ ಬೆಲ್ಲಾ ತಿಂದೀನಿ. ಹೊರಗ ಕಟ್ಟಿ ಮ್ಯಾಲೆ ಕುಂದರ್ತೀನಿ. ಯಾರೂ ಕರೀಬ್ಯಾಡ್ರಿ."

ಬಸಲಿಂಗಪ್ಪ "ಏ, ಇವಳೇ" ಎನ್ನಲು ಬಾಯಿ ತೆರೆದ. ಅರ್ಧಕ್ಕೆ ನಿಂತು, ಏನು ಮಾಡಬೇಕೆಂದು ತೋಚದೆ, ಬೆರಳೆತ್ತಿದ. ಅವಳು ಅದನ್ನು ನೋಡಲಿಲ್ಲ. ಹೊಸ್ತಿಲು ದಾಟಿ, ನನ್ನ ಕವಿತೆಯ ಒಂದು ಪದವೂ ಹಿಂದೆ ಬಾರದ ಹಾಗೆ, ಬಾಗಿಲನ್ನು ಪೂರ್ತಿ ಎಳೆದು ಮುಚ್ಚಿಕೊಂಡು ಹೋದಳು.